ಮೇಷ್ಟ್ರ ಕಾರ್ಡಿನ ಐದನೇ ಸಾಲು

ಮಂಡ್ಯ

ಗೆಳೆಯಾ,

ನಾವಿಬ್ಬರೂ ಮನಸ್ಸು ಬಿಚ್ಚಿ ಮಾತಾಡಿ ಹತ್ತು ತಿಂಗಳಾಯಿತು. ಫೋನ್ ಮಾಡಿದರೆ ನೀನು ಎತ್ತುತ್ತೀಯ, ಅದು ಗೊತ್ತು. "ಹೇಳೋ" ಅಂತೀಯ. ಆಮೇಲೆ ಮಳೆ ಹೇಗಿದೆ, ಕನ್ನಂಬಾಡಿ ಕಟ್ಟೆಗೆ ಎಷ್ಟು ಅಡಿ ನೀರು ಬಂತು ಅಂತ ಕೇಳಿ ಇಟ್ಟುಬಿಡುತ್ತೇವೆ. ಅದಕ್ಕೇ ಬರೆಯುತ್ತಿದ್ದೇನೆ. ನಾನು ಮಾಡಿದ ತಪ್ಪು ಐನೂರು ಮನೆಗೆ ಹೋಗಿತ್ತು. ಹಾಗಾಗಿ ಈ ಪತ್ರವನ್ನೂ ಎಲ್ಲರೂ ಓದುವ ಹಾಗೆ ಹಾಕುತ್ತಿದ್ದೇನೆ.

ನಿಮ್ಮಪ್ಪ, ನಮ್ಮ ಮೇಷ್ಟ್ರ ತಿಥಿ ಕಾರ್ಡನ್ನು ನನ್ನ ಪ್ರೆಸ್ಸಿನಲ್ಲಿ ಹಾಕಿಸಲು ನೀನು ಕಳಿಸಿದ ಮ್ಯಾಟರ್ ನನ್ನ ಫೋನಿನಲ್ಲಿ ಇನ್ನೂ ಇದೆ. ನಾಲ್ಕೇ ಸಾಲು. "ನಮ್ಮ ತಂದೆ, ನಿವೃತ್ತ ವಿಜ್ಞಾನ ಮೇಷ್ಟ್ರು, ತೀರಿಕೊಂಡರು. ಅವರ ಇಷ್ಟದಂತೆ ಕಣ್ಣು ಮತ್ತು ದೇಹವನ್ನು ದಾನ ಕೊಟ್ಟಿದ್ದೇವೆ. ಭಾನುವಾರ ಮಧ್ಯಾಹ್ನ ಅವರ ನೆನಪಿಗೆ ಊಟ. ಬನ್ನಿ." ಅಷ್ಟೆ. ಅದರ ಕೆಳಗೆ ಐದನೇ ಸಾಲು ಸೇರಿಸಿದವನು ನಾನು. "ಸ್ವರ್ಗಸ್ಥರಾದ ಮೃತರ ಆತ್ಮಕ್ಕೆ ಚಿರಶಾಂತಿ ಕೋರಬೇಕಾಗಿ ಪ್ರಾರ್ಥನೆ." ನಿನಗೆ ಪ್ರೂಫ್ ಕಳಿಸಲಿಲ್ಲ. ಕೆಲಸದ ಗಡಿಬಿಡಿಯಲ್ಲಿ ಮರೆತೆ ಅಂತ ಅವತ್ತು ಹೇಳಿದೆ. ಮರೆತಿರಲಿಲ್ಲ ಕಣೋ. ಕಳಿಸಿದರೆ ನೀನು ತೆಗೆಸುತ್ತೀಯ ಅಂತ ಗೊತ್ತಿತ್ತು. ಅದಕ್ಕೇ ಕಳಿಸಲಿಲ್ಲ.

ನಮ್ಮಪ್ಪನ ಕಾಲದ ಪ್ರೆಸ್ ನಿನಗೆ ನೆನಪಿದೆಯಲ್ಲ. ಕಾಲಲ್ಲಿ ತುಳಿಯುವ ಟ್ರೆಡಲ್, ಗೋಡೆ ಪೂರ್ತಿ ಅಚ್ಚಿನ ಮೊಳೆಗಳ ಖಾನೆ. ಮದುವೆ ಕಾರ್ಡಿಗೆ ಅಪ್ಪ ಪ್ರತಿ ಸಲ ಹೊಸದಾಗಿ ಮೊಳೆ ಜೋಡಿಸುತ್ತಿದ್ದ. ತಿಥಿ ಕಾರ್ಡಿನದು ಮಾತ್ರ ಬಿಚ್ಚುತ್ತಲೇ ಇರಲಿಲ್ಲ. ದಾರ ಸುತ್ತಿ ಹಾಗೇ ಇಟ್ಟಿರುತ್ತಿದ್ದ. ಹೆಸರು, ಊರು, ತಾರೀಖು ಬದಲಿಸಿದರೆ ಮುಗೀತು. ಮಿಕ್ಕ ಮಾತೆಲ್ಲ ಎಲ್ಲರಿಗೂ ಒಂದೇ. ಆ ಸಾಲು ಇಲ್ಲದ ತಿಥಿ ಕಾರ್ಡನ್ನು ನಾನು ಹುಟ್ಟಿದಾಗಿನಿಂದ ನೋಡಿರಲಿಲ್ಲ. ಮೇಷ್ಟ್ರ ಕಾರ್ಡು ಕಂಪ್ಯೂಟರಿನಲ್ಲಿ ಕಂಡಾಗ ಕೆಳಗೆ ಖಾಲಿ ಜಾಗ ಹಾಗೇ ಉಳಿದಿತ್ತು. ಅದನ್ನು ನೋಡಿ ನನಗೆ ಭಯ ಆಯಿತು. ಮೇಷ್ಟ್ರನ್ನು ಹೊರಗೆ ನಿಲ್ಲಿಸಿ ಬಾಗಿಲು ಹಾಕಿದ ಹಾಗೆ ಅನ್ನಿಸಿತು.

ಎಲ್ಲರಿಗೂ ಒಂದೇ ಅಂದೆ, ಅದು ಪೂರ್ತಿ ನಿಜ ಅಲ್ಲ. ಇಷ್ಟು ವರ್ಷ ಈ ಕೆಲಸ ಮಾಡಿ ನಾನು ಕಲಿತದ್ದು ಏನು ಗೊತ್ತಾ? ಸತ್ತ ಮೇಲೆ ಎಲ್ಲಿಗೆ ಹೋಗುತ್ತಾರೆ ಅನ್ನೋದಕ್ಕೆ ಈ ಒಂದೇ ಜಿಲ್ಲೆಯಲ್ಲಿ ಎಷ್ಟೊಂದು ಉತ್ತರ ಇದೆ ಅಂತ. ಲಿಂಗಾಯತರ ಮನೆಯವರು "ಲಿಂಗೈಕ್ಯರಾದರು" ಅಂತ ಹಾಕಿಸುತ್ತಾರೆ, ಕಾರ್ಯಕ್ಕೆ "ಶಿವಗಣಾರಾಧನೆ" ಅನ್ನುತ್ತಾರೆ. ಅವರಲ್ಲಿ ಹೋದವರನ್ನು ಕೂರಿಸಿ ಮಣ್ಣು ಮಾಡುತ್ತಾರೆ. ಲಿಂಗದಲ್ಲಿ ಸೇರಿದ ಮೇಲೆ ತಿರುಗಿ ಬರುವುದು ಎಲ್ಲಿಂದ? ಮೇಲುಕೋಟೆ ಅಯ್ಯಂಗಾರರದು "ಪರಮಪದ ಸೇರಿದರು". ಕ್ರೈಸ್ತರ ಮನೆಯ ಕಾರ್ಡಿನಲ್ಲಿ "ಕರ್ತನಲ್ಲಿ ನಿದ್ರಿಸಿದರು" ಅಂತ ಇರುತ್ತದೆ. ನಿದ್ದೆ ಅಂದರೆ ಒಂದು ದಿನ ಏಳುತ್ತಾರೆ ಅಂತ. ಪಕ್ಕದ ಅಂಗಡಿ ಸಾಬರು ಸಾವಿನ ಸುದ್ದಿ ಕೇಳಿದ ಕೂಡಲೇ ಒಂದು ಮಾತು ಹೇಳುತ್ತಾರೆ. ಅರ್ಥ ಕೇಳಿದೆ. "ನಾವೆಲ್ಲ ದೇವರಿಗೆ ಸೇರಿದವರು, ಅವನ ಹತ್ತಿರಕ್ಕೇ ವಾಪಸ್ ಹೋಗೋದು" ಅಂದರು. ನಮ್ಮ ಕಡೆ ಹೆಂಗಸರು "ಶಿವನ ಪಾದ ಸೇರ್ಕೊಂಡ" ಅನ್ನುತ್ತಾರೆ.

2021ರ ಅಕ್ಟೋಬರ್ ಕೊನೆಯಲ್ಲಿ ಪುನೀತ್ ಹೋದಾಗ ಹಗಲು ರಾತ್ರಿ ಫ್ಲೆಕ್ಸ್ ಹೊಡೆದೆವು. ಬರುವ ಹುಡುಗರೆಲ್ಲ ಅಳುತ್ತಲೇ ಬರುತ್ತಿದ್ದರು. ಮೇಲೆ "ಆತ್ಮಕ್ಕೆ ಶಾಂತಿ ಸಿಗಲಿ", ಕೆಳಗೆ "ಮತ್ತೆ ಹುಟ್ಟಿ ಬಾ ಅಪ್ಪು". ಶಾಂತಿಯಾಗಿರಬೇಕಾ, ಹುಟ್ಟಿ ಬರಬೇಕಾ? ಯಾರೂ ಕೇಳಲಿಲ್ಲ. ಎರಡೂ ಬೇಕಾಗಿತ್ತು ಅವರಿಗೆ. ನನಗೂ.

ಮೇಷ್ಟ್ರು ಆಗ ಪ್ರೆಸ್ಸಿಗೆ ಬಂದಿದ್ದರು. ಪುನೀತ್ ಅವರ ಎರಡು ಕಣ್ಣಿನಿಂದ ನಾಲ್ಕು ಜನಕ್ಕೆ ದೃಷ್ಟಿ ಬಂತು, ಹೇಗೆ ಹೇಳು ನೋಡೋಣ ಅಂದರು, ಏಳನೇ ಕ್ಲಾಸಿನಲ್ಲಿ ಕೇಳುತ್ತಿದ್ದ ಹಾಗೆ. ಆಮೇಲೆ ತಾವೇ ಹೇಳಿದರು. ಕಣ್ಣಿನ ಕರಿಗುಡ್ಡೆ ಮುಂದಿನ ಪಾರದರ್ಶಕ ಪೊರೆ, ಕಾರ್ನಿಯಾ, ಅದರಲ್ಲಿ ಪದರಗಳಿವೆ. ಮುಂದಿನ ಪದರ ಒಬ್ಬರಿಗೆ, ಹಿಂದಿನದು ಇನ್ನೊಬ್ಬರಿಗೆ. ಸತ್ತ ಆರು ಗಂಟೆಯೊಳಗೆ ತೆಗೆಯಬೇಕು, ಅಲ್ಲಿವರೆಗೆ ರೆಪ್ಪೆ ಮುಚ್ಚಿ ಮೇಲೆ ಒದ್ದೆ ಹತ್ತಿ ಇಡಬೇಕು. 2006ರಲ್ಲಿ ರಾಜ್‌ಕುಮಾರ್ ಕಣ್ಣು ದಾನವಾದಾಗಲೇ ಅವರು ತಮ್ಮ ಫಾರಂ ತುಂಬಿದ್ದರಂತೆ. "ನಾನು ಬರೆದುಕೊಟ್ಟರೆ ಸಾಲದು ಕಣಯ್ಯಾ. ಆ ಹೊತ್ತಿಗೆ ಮನೆಯವರು ಹೂಂ ಅನ್ನಬೇಕು. ನನ್ನ ಮಗ ಅಂತಾನೆ" ಅಂದರು. ಅದನ್ನು ಹೇಳುವಾಗ ಅವರ ಮುಖದಲ್ಲಿದ್ದ ನೆಮ್ಮದಿಯನ್ನು ನಿನಗೆ ನಾನು ಯಾವತ್ತೂ ಹೇಳಿಲ್ಲ. ಈಗ ಹೇಳುತ್ತಿದ್ದೇನೆ.

ನೀನು ಹೂಂ ಅಂದೆ. ನಿನ್ನ ಕಣ್ಣು ಕೆಂಪಾಗಿತ್ತು, ಆದರೆ ಕೈ ನಡುಗಲಿಲ್ಲ. ಡಾಕ್ಟರು ಬಂದು ಕಣ್ಣು ತೆಗೆದುಕೊಂಡು ಹೋದರು. ಆಮೇಲೆ ಆಂಬುಲೆನ್ಸಿನಲ್ಲಿ ನೀನು, ಹಿಂದೆ ನನ್ನ ಕಾರು. ಬೈಪಾಸ್ ಬಿಟ್ಟು ಹಳೇ ರೋಡಿನಲ್ಲೇ ಮೈಸೂರಿಗೆ ಹೋದೆವು. ಶ್ರೀರಂಗಪಟ್ಟಣದಲ್ಲಿ ಹೊಳೆ ಕಂಡಾಗ ನನ್ನ ಕೈ ತಾನಾಗಿ ಇಂಡಿಕೇಟರ್ ಹಾಕಿಬಿಟ್ಟಿತು. ನಮ್ಮವ್ವನ ಬೂದಿ ಬಿಟ್ಟದ್ದು ಪಶ್ಚಿಮವಾಹಿನಿಯಲ್ಲಿ. ಪೂರ್ವಕ್ಕೆ ಹರಿಯುವ ಕಾವೇರಿ ಅಲ್ಲಿ ಪಶ್ಚಿಮಕ್ಕೆ ತಿರುಗುತ್ತಾಳೆ, ಅದಕ್ಕೇ ಆ ಜಾಗ ದೊಡ್ಡದು. 1948ರಲ್ಲಿ ಗಾಂಧೀಜಿಯ ಬೂದಿಯನ್ನೂ ತಂದು ಬಿಟ್ಟ ಜಾಗ ಅದು. ನಾನು ಕಂಡ ಎಲ್ಲ ಸಾವೂ ಆ ನೀರಿನ ಹತ್ತಿರ ಬಂದು ಮುಗಿದಿವೆ. ನಿಮ್ಮ ಆಂಬುಲೆನ್ಸ್ ನಿಲ್ಲದೆ ಮುಂದೆ ಹೋಯಿತು. ನಾನೂ ಹಿಂದೆ ಬಂದೆ, ಆದರೆ ನನ್ನ ಮನಸ್ಸು ಅಲ್ಲೇ ಉಳಿಯಿತು.

ಮೂರನೇ ದಿನ ಇನ್ನೂ ಕಷ್ಟ ಆಯಿತು. ನಿಮ್ಮವ್ವ ಹಾಲು, ತುಪ್ಪದ ಬಟ್ಟಲು ಹಿಡಿದು ನಡುಮನೆಯಲ್ಲಿ ನಿಂತಿದ್ದರು. "ಎಲ್ಲಿಗೆ ಬಿಡ್ಲಿ ಮಗಾ?" ಅಂತ ನಿನ್ನನ್ನೇ ಕೇಳಿದರು. ಗುಂಡಿಯಿಲ್ಲ, ಸುಟ್ಟ ಜಾಗವಿಲ್ಲ. ನಿನಗೂ ಮಾತು ಹೊರಡಲಿಲ್ಲ. ಕೊನೆಗೆ ಅವರೇ ಹಿತ್ತಲಿಗೆ ಹೋಗಿ ಮೇಷ್ಟ್ರು ನೆಟ್ಟಿದ್ದ ತೆಂಗಿನ ಬುಡಕ್ಕೆ ಬಿಟ್ಟರು. ನಿಮ್ಮ ದೊಡ್ಡಪ್ಪ ಜಗಲಿಯಲ್ಲಿ ಕೂತು "ಮುಕ್ತಿ ಇಲ್ಲ ಇವನಿಗೆ" ಅಂದರು. ಅದು ನಿಮ್ಮವ್ವನ ಕಿವಿಗೂ ಬಿತ್ತು. ಅವತ್ತು ರಾತ್ರಿ ನಾನು ಆ ಸಾಲು ಸೇರಿಸಿದೆ. ಅವರಿಗೆ ಸಮಾಧಾನ ಆಗಲಿ ಅಂತ ಸೇರಿಸಿದೆ ಎಂದು ಹೇಳಬಹುದು. ಅದು ಸುಳ್ಳಾಗುತ್ತದೆ. ಅವರು ಕೇಳಿರಲಿಲ್ಲ. ನನ್ನ ಭಯಕ್ಕೆ ನಾನು ಸೇರಿಸಿದ್ದು.

ಕಾರ್ಡು ಹಂಚಿ ಆದ ಮೇಲೆ ನೀನು ಬಂದು ನಿಧಾನವಾಗಿ ಒಂದೇ ಮಾತು ಹೇಳಿದೆ. "ನಮ್ಮಪ್ಪ ಬದುಕಿರೋವರೆಗೂ ಹೇಳಿದ್ದನ್ನ ನೀನು ಒಂದೇ ಸಾಲಲ್ಲಿ ಇಲ್ಲ ಅನ್ನಿಸಿಬಿಟ್ಟೆ." ನಾನು ಕ್ಷಮೆ ಕೇಳುವ ಬದಲು ವಾದಕ್ಕಿಳಿದೆ. ಸತ್ತ ಮೇಲೆ ಏನೂ ಇಲ್ಲ ಅಂತ ನಿನಗೆ ಹೇಗೆ ಗೊತ್ತು ಅಂದೆ. ಮೇಷ್ಟ್ರಿಗೆ ದಾರಿ ಸಿಗುವುದು ಬೇಡವಾ ಅಂದೆ. ಆ ಮಾತನ್ನು ಆಡಬಾರದಿತ್ತು. ಅಪ್ಪನನ್ನು ಕಳಕೊಂಡವನಿಗೆ ಅಂಥದ್ದನ್ನು ಯಾರೂ ಹೇಳಬಾರದು.

ಆಮೇಲೆ ಒಂದು ವಿಷಯ ಪದೇ ಪದೇ ನೆನಪಾಗುತ್ತಿದೆ. ಸ್ಕೂಲ್ ಟೂರಿನಲ್ಲಿ ಮೇಷ್ಟ್ರು ನಮ್ಮನ್ನು ಬೆಂಗಳೂರಿನ ಮ್ಯೂಸಿಯಮ್ಮಿಗೆ ಕರೆದುಕೊಂಡು ಹೋಗಿದ್ದರಲ್ಲ, ಆತಕೂರಿನ ಕಲ್ಲು ತೋರಿಸಿದ್ದರಲ್ಲ. ನಮ್ಮ ಮದ್ದೂರು ತಾಲ್ಲೂಕಿನ ಕಲ್ಲು, ಸುಮಾರು 950ರದು. ಮಣಲೆರ ಅನ್ನುವ ವೀರನಿಗೆ ಒಡೆಯ ಮೆಚ್ಚಿ "ಬೇಡಿಕೋ" ಅಂದಾಗ ಅವನು ಬೇಡಿದ್ದು ಕಾಳಿ ಅನ್ನುವ ನಾಯಿಯನ್ನು. ಆ ನಾಯಿ ದೊಡ್ಡ ಹಂದಿಯ ಮೇಲೆ ಬಿದ್ದು ಹೋರಾಡಿತು. ಎರಡೂ ಒಟ್ಟಿಗೆ ಸತ್ತವು. ಅದಕ್ಕೆ ದೇವಸ್ಥಾನದ ಮುಂದೆ ಕಲ್ಲು ನೆಡಿಸಿ, ಭೂಮಿ ಬಿಟ್ಟುಕೊಟ್ಟರು. ಕಲ್ಲಿಗೆ ಪೂಜೆ ಮಾಡದೆ ಉಂಡ ಗೊರವನಿಗೆ, ಅಂದರೆ ಶಿವನ ಪೂಜಾರಿಗೆ, ಆ ನಾಯಿಯ ಪಾಪ ತಟ್ಟುತ್ತದೆ ಅಂತಲೂ ಬರೆಸಿದ್ದಾರೆ.

ನಮ್ಮೂರ ಕೆರೆ ಏರಿ ಮೇಲಿನ ವೀರಗಲ್ಲು ನನಗೆ ಗೊತ್ತಿತ್ತು. ಮೂರು ಅಂತಸ್ತು. ಕೆಳಗೆ ಕಾದಾಟ, ನಡುವೆ ಅಪ್ಸರೆಯರು ವೀರನನ್ನು ಎತ್ತಿಕೊಂಡು ಹೋಗುವುದು, ಮೇಲೆ ಲಿಂಗದ ಮುಂದೆ ಅವನು ಕೈ ಮುಗಿದು ಕೂತಿರುವುದು. ಅದಕ್ಕೇ ಕೇಳಿದೆ, "ಸಾರ್, ನಾಯಿನ ಯಾರು ಎತ್ಕೊಂಡ್ ಹೋಗ್ತಾರೆ? ಅದು ಎಲ್ಲಿಗೆ ಹೋಯ್ತು?" ಮೇಷ್ಟ್ರು ನಗಲಿಲ್ಲ. "ಎಲ್ಲಿಗೆ ಹೋಯ್ತು ಅಂತ ಬರೆದಿಲ್ಲ ಮಗಾ. ಏನು ಮಾಡ್ತು ಅಂತ ಬರೆದಿದಾರೆ. ಸಾವಿರ ವರ್ಷ ಆದ್ರೂ ನೀನು ಅದರ ಹೆಸರು ಓದಿದೆಯಲ್ಲ" ಅಂದರು. ನೀನು ಪಕ್ಕದಲ್ಲೇ ಇದ್ದೆ. ನಿನ್ನ ನಾಲ್ಕು ಸಾಲು ಆ ಕಲ್ಲಿನ ಹಾಗೇ ಇತ್ತು. ಮೇಷ್ಟ್ರು ಏನು ಮಾಡಿದರು ಅಂತ ಇತ್ತು, ಎಲ್ಲಿಗೆ ಹೋದರು ಅಂತ ಇರಲಿಲ್ಲ. ಅದು ಖಾಲಿ ಜಾಗ ಅಲ್ಲ, ಬೇಕೆಂದೇ ಬಿಟ್ಟ ಜಾಗ ಅಂತ ನನಗೆ ಅರ್ಥವಾಗಲು ಇಷ್ಟು ತಿಂಗಳು ಬೇಕಾಯಿತು.

ಹಾಗಂತ ನಾನು ನಿನ್ನ ಕಡೆಗೆ ಬಂದೆ ಅಂದುಕೊಳ್ಳಬೇಡ. ಬಂದಿಲ್ಲ. ನಮ್ಮವ್ವ ಇದ್ದಾಳೆ ಅಂತಲೇ ನನ್ನ ನಂಬಿಕೆ. ಮಾರ್ಲಾಮಿ ಹಬ್ಬಕ್ಕೆ, ಮಹಾಲಯ ಅಮಾವಾಸ್ಯೆ ಹೊತ್ತಿನ ಹಿರಿಯರ ಹಬ್ಬಕ್ಕೆ, ಎಡೆ ಇಟ್ಟು, ಧೂಪ ಹಾಕಿ, ಬಾಗಿಲು ಮುಂದೆ ಮಾಡಿ ಎಲ್ಲರೂ ಹೊರಗೆ ಬರುತ್ತೇವಲ್ಲ, ಆ ಸ್ವಲ್ಪ ಹೊತ್ತು ನನಗೆ ವರ್ಷದಲ್ಲೇ ದೊಡ್ಡದು. ಅವ್ವನಿಗೆ ಇಷ್ಟ ಅಂತ ಮುದ್ದೆ, ನಾಟಿ ಕೋಳಿ ಸಾರು, ಕಜ್ಜಾಯ, ಪಕ್ಕದಲ್ಲಿ ಹೊಸ ಸೀರೆ. ಒಳಗೆ ಅವಳು ಕೂತು ಉಣ್ಣುತ್ತಿದ್ದಾಳೆ ಅಂತ ನಾನು ಜಗಲಿ ಮೇಲೆ ಉಸಿರು ಬಿಗಿ ಹಿಡಿದು ನಿಂತಿರುತ್ತೇನೆ. ನಾಟಕ ಅಲ್ಲ ಅದು. ಬಾಗಿಲು ತೆಗೆದಾಗ ಎಲೆ ಹಾಗೇ ಇರುತ್ತದೆ, ನನಗೂ ಕಾಣುತ್ತದೆ. ಆದರೂ ಅವಳು ಬಂದು ಹೋದಳು ಅಂತ ನನ್ನ ಜೀವಕ್ಕೆ ಗೊತ್ತಾಗುತ್ತದೆ.

ನೀನು ಪಿಯುಸಿಯಲ್ಲಿ ನಮ್ಮಜ್ಜಿಯನ್ನು ಕೇಳಿದ್ದೆ, "ಅಜ್ಜೀ, ಸತ್ತೋರು ಮತ್ತೆ ಹುಟ್ತಾರೆ ಅಂತೀರ. ಹುಟ್ಟಿದ್ಮೇಲೆ ಎಡೆಗೆ ಬರೋರು ಯಾರು?" ಅಂತ. ಒಳ್ಳೆ ಪ್ರಶ್ನೆ ಅದು. ನನ್ನ ಹತ್ತಿರ ಇವತ್ತಿಗೂ ಉತ್ತರ ಇಲ್ಲ. ಅಜ್ಜಿ ನಿನಗೆ ವಡೆ ಹಾಕುತ್ತಾ ಹೇಳಿದ್ದಳು, "ಹುಟ್ಟಿದ್ರೂ ಬತ್ತಾರೆ, ಹುಟ್ಟದಿದ್ರೂ ಬತ್ತಾರೆ. ನೀನು ಉಣ್ಣು." ನೀನು ಪ್ರತಿ ವರ್ಷ ನಮ್ಮ ಮನೆಗೆ ಬಂದು ಆ ಎಡೆಯ ಊಟ ಮಾಡಿದ್ದೀಯ. ಒಂದು ಸಲವೂ ನಮ್ಮ ಹಿರಿಯರನ್ನು ಇಲ್ಲ ಅನ್ನಲಿಲ್ಲ. ನಾನು ನಿನ್ನಪ್ಪನ ವಿಷಯದಲ್ಲಿ ಅಷ್ಟು ಮರ್ಯಾದೆ ಉಳಿಸಿಕೊಳ್ಳಲಿಲ್ಲ. ಕ್ಷಮಿಸು.

ಈ ಸಲ ಮಾರ್ಲಾಮಿ ಹತ್ತಿರ ಬಂತು. ಒಂದು ವಿಷಯ ಕೇಳಬೇಕು, ಕೇಳದೆ ಮಾಡುವುದಿಲ್ಲ. ನಮ್ಮ ಹಿರಿಯರ ಸಾಲಿನಲ್ಲಿ ಮೇಷ್ಟ್ರಿಗೂ ಒಂದು ಎಲೆ ಹಾಕಲಾ? ನನಗೆ ಅಕ್ಷರ ಕಲಿಸಿದವರು, ನನಗೂ ಅವರು ಹಿರಿಯರೇ. ನೀನು ಬೇಡ ಅಂದರೆ ಹಾಕುವುದಿಲ್ಲ, ಬೇಜಾರೂ ಮಾಡಿಕೊಳ್ಳುವುದಿಲ್ಲ. ಹೇಗಿದ್ದರೂ ನೀನು ಊಟಕ್ಕೆ ಬಾ. ನಿಮ್ಮವ್ವನನ್ನೂ ಕರೆದುಕೊಂಡು ಬಾ.

ಕಾರ್ತಿಕಕ್ಕೆ ವರ್ಷ ಆಗುತ್ತದೆ. ಹೋದ ಸಲದ ಹಾಗೇ ಊಟ ಹಾಕಿಸುತ್ತೀಯ ಅಂತ ನಿನ್ನ ಹೆಂಡತಿ ಹೇಳಿದಳು. ಕಾರ್ಡು ಯಾರ ಹತ್ತಿರ ಮಾಡಿಸಬೇಕು ಅಂತ ನೀನು ಯೋಚನೆ ಮಾಡುತ್ತಿದ್ದೀಯಂತೆ. ನಾನೊಂದು ಪ್ರೂಫ್ ಮಾಡಿ ನಿನ್ನ ವಾಟ್ಸಾಪಿಗೆ ಹಾಕಿದ್ದೇನೆ. ನಿನ್ನ ನಾಲ್ಕೇ ಸಾಲು. "ತೀರಿಕೊಂಡರು" ಅನ್ನುವುದಕ್ಕೆ ಮಾತ್ರ "ತೀರಿಕೊಂಡು ಒಂದು ವರ್ಷವಾಯಿತು" ಅಂತ ಮಾಡಿದ್ದೇನೆ, ಅದೂ ಬೇಡ ಅಂದರೆ ತೆಗೆಯುತ್ತೇನೆ. ಕೆಳಗಿನ ಜಾಗ ಹಾಗೇ ಬಿಟ್ಟಿದ್ದೇನೆ. ನೋಡಿ ಹೇಳು. ನೀನು ಹೂಂ ಅನ್ನುವವರೆಗೆ ಮೆಷಿನ್ನಿಗೆ ಹಾಕುವುದಿಲ್ಲ.

ಇಂತಿ,
ನಿನ್ನ ಹಳೇ ಬೆಂಚಿನವನು