ಡೀಸೆಲ್ ವಾಸನೆ ಬಂತು ಅಂತ ಸೀದಾ ಪಂಪ್ ಬಿಚ್ಚಿಸ್ಬೇಡಿ

ಮಾನ್ಯ ಸಂಪಾದಕರಿಗೆ ನಮಸ್ಕಾರ,

ಕಬ್ಬಿನ ಸೀಸನ್ ಶುರುವಾದ್ರೆ ಸಾಕು, ನಿಮ್ಮ ವಾಚಕರ ಕಾಲಂನಲ್ಲಿ ಟ್ರ್ಯಾಕ್ಟರ್ ಇಟ್ಕೊಂಡಿರೋರ ಪತ್ರ ಬಂದೇ ಬರುತ್ತೆ. ಬಂಕಲ್ಲಿ ಕಲಬೆರಕೆ ಹಾಕ್ತಾರೆ, ಲೋಡ್ ಎಳೆಯುವಾಗ ಡೀಸೆಲ್ ನೀರು ಕುಡಿದಂಗೆ ಕುಡಿಯುತ್ತೆ, ಸೀಟಲ್ಲಿ ಕೂತ್ರೆ ವಾಸನೆಗೆ ತಲೆ ಸಿಡಿಯುತ್ತೆ, ಸರ್ಕಾರ ಏನ್ ಮಾಡ್ತಿದೆ, ಹಿಂಗೆ. ಬಂಕಿನೋರೆಲ್ಲ ಸಾಚಾ ಅಂತ ಹೇಳೋಕೆ ನಾನು ಬಂದಿಲ್ಲ, ಅದಕ್ಕೂ ಕೊನೇಲಿ ಬರ್ತೀನಿ. ಆದ್ರೆ ಮದ್ದೂರು ಕಡೆ ನಾವೆಲ್ಲ ಟ್ರೈಲರ್ ಕಟ್ಕೊಂಡು ಕಬ್ಬು ಹೊಡೆಯೋರು, ನಾನು ನೋಡಿರೋ ಮಟ್ಟಿಗೆ ಹೆಚ್ಚಿನ ಟ್ರ್ಯಾಕ್ಟರ್‌ಗಳಲ್ಲಿ ತೊಂದರೆ ಬಂಕಲ್ಲಿ ಇರಲ್ಲ, ಬಾನೆಟ್ ಕೆಳಗೆ ಇಲ್ಲಾ ಟ್ರೈಲರ್ ಚಕ್ರದಲ್ಲಿ ಇರುತ್ತೆ.

ನಾನು ಮೆಕ್ಯಾನಿಕ್ ಅಲ್ಲ, ಸ್ಪ್ಯಾನರ್ ಹಿಡಿಯೋಕೆ ಬರುತ್ತೆ ಅಷ್ಟೇ. ಹೇಳೋದು ಇಷ್ಟು, ವಾಸನೆ ಒಂದು ಕಾಯಿಲೆ, ಮೈಲೇಜ್ ಬಿದ್ದೋಗಿರೋದು ಇನ್ನೊಂದು ಕಾಯಿಲೆ, ಎರಡೂ ಒಟ್ಟಿಗೆ ಕಾಣಿಸ್ಕೊಂಡ್ವು ಅಂತ ಒಂದೇ ಅಂದ್ಕೊಂಡು ಸೀದಾ ಪಂಪ್ ನೋಜಲ್ (ಇಂಜಿನ್‌ಗೆ ಡೀಸೆಲ್ ತಳ್ಳೋ ಪಂಪು, ಅದನ್ನ ಒಳಗೆ ಸ್ಪ್ರೇ ಮಾಡೋ ಇಂಜೆಕ್ಟರ್ ತುದಿ) ರಿಪೇರಿ ಅಂಗಡಿಗೆ ಹೋಗಿ ಹದಿನೈದಿಪ್ಪತ್ತು ಸಾವಿರ ಸುರಿದು ಬರ್ಬೇಡಿ. ಲೆಕ್ಕ ಹಾಕಿ ನೋಡಿ. ಸೆಕೆಂಡಿಗೆ ಒಂದು ಹನಿ ತೊಟ್ಟಿಕ್ಕಿದ್ರೆ ಗಂಟೆಗೆ ಹೆಚ್ಚೂಕಮ್ಮಿ 180 ಎಂಎಲ್ ಆಗುತ್ತೆ, ಹತ್ತು ಗಂಟೆ ಓಡಿದ್ರೆ ಎರಡು ಲೀಟರ್‌ಗೂ ಕಮ್ಮಿ. ವಾಸನೆಗೆ ಅಷ್ಟು ಧಾರಾಳ ಸಾಕು, ಊರೆಲ್ಲ ನಾರುತ್ತೆ. ಆದ್ರೆ ದಿನಕ್ಕೆ ಹತ್ತು ಲೀಟರ್ ಜಾಸ್ತಿ ಹೋಗ್ತಿದೆ ಅಂದ್ರೆ ಅದು ಬರೀ ಸೋರಿಕೆ ಅಲ್ಲ, ಅಷ್ಟು ಸೋರಿದ್ರೆ ಟ್ರ್ಯಾಕ್ಟರ್ ನಿಲ್ಸಿದ ಜಾಗದಲ್ಲಿ ಮಡುವೇ ಇರ್ಬೇಕಿತ್ತು.

ನಮ್ಮ ಪಕ್ಕದೂರಿನ ಒಬ್ರದ್ದು ಹಿಂಗೇ ಆಗಿತ್ತು. ಖಾಲಿ ಟ್ರೈಲರ್ ಎಳ್ಕೊಂಡು ಹೋಗುವಾಗ ಏನೂ ಇಲ್ಲ, ಕಬ್ಬು ತುಂಬ್ಕೊಂಡು ನಾಲೆ ಏರಿ ಹತ್ತೋಕೆ ಶುರು ಮಾಡಿದ್ರೆ ಗಪ್ ಅಂತ ಡೀಸೆಲ್ ವಾಸನೆ, ಜೊತೆಗೆ ಕಪ್ಪು ಹೊಗೆ. ಅಂಗಡಿಯೋನು ಬಾನೆಟ್ ಕೂಡ ಎತ್ತದೆ ಪಂಪು, ನಾಲ್ಕೂ ನೋಜಲು ಹೋಗಿದೆ ಅಂದ. ಮನೇಲೇ ನೋಡಿದಾಗ ಸಿಕ್ಕಿದ್ದು ಏನಂದ್ರೆ ಎರಡನೇ ಮೂರನೇ ಇಂಜೆಕ್ಟರ್ ನಡುವೆ ಹೋಗೋ ರಿಟರ್ನ್ ಪೈಪು, ಅದೇ ಮಿಕ್ಕ ಡೀಸೆಲ್ ವಾಪಸ್ ಒಯ್ಯೋ ಓವರ್‌ಫ್ಲೋ ಪೈಪು, ಬೆಂಡ್ ಆಗಿರೋ ಜಾಗದಲ್ಲಿ ಕೂದಲೆಳೆಯಷ್ಟು ಬಿರುಕು. ಅದರ ಸುತ್ತ ಮಣ್ಣು, ಕಬ್ಬಿನ ರವದಿ ಪುಡಿ ಎಲ್ಲಾ ಡೀಸೆಲ್‌ನಲ್ಲಿ ನೆಂದು ಗಟ್ಟಿಯಾಗಿ ಅಂಟ್ಕೊಂಡು ಕಪ್ಪಗೆ ಕೂತಿತ್ತು, ಹಂಗಾಗಿ ಕೆಳಗೆ ಒಂದು ಹನಿನೂ ಬೀಳ್ತಿರಲಿಲ್ಲ. ಲೋಡಲ್ಲಿ ಮಾತ್ರ ವಾಸನೆ ಯಾಕೆ ಅಂದ್ರೆ, ಪಂಪು ಆವಾಗ ಜಾಸ್ತಿ ಡೀಸೆಲ್ ತಳ್ಳುತ್ತೆ, ಇಂಜೆಕ್ಟರ್‌ನಿಂದ ವಾಪಸ್ ಬರೋದೂ ಜಾಸ್ತಿ, ಇಂಜಿನ್ ಕಾದಿರುತ್ತೆ, ಜಿನುಗಿದ್ದು ಅಲ್ಲೇ ಆವಿ ಆಗುತ್ತೆ, ಗಾಡಿ ನಿಧಾನ ಹೋಗ್ತಿರೋದ್ರಿಂದ ಫ್ಯಾನ್ ಗಾಳಿ ಅದನ್ನ ತಗೊಂಡು ಬಂದು ನೇರ ಡ್ರೈವರ್ ಮುಖಕ್ಕೇ ಹೊಡೆಯುತ್ತೆ. ಪೈಪ್ ಬದಲಾಯಿಸಿದ್ಮೇಲೆ ವಾಸನೆ ನಿಂತೋಯ್ತು, ಹೊಗೆ ನಿಲ್ಲಲಿಲ್ಲ, ಮೈಲೇಜೂ ಏರಲಿಲ್ಲ. ಅದು ಬೇರೆ ಕಥೆ, ಇಂಜಿನ್‌ಗೆ ಹೋಗೋ ಗಾಳಿ ಸೋಸೋ ಏರ್ ಕ್ಲೀನರ್ ಬೌಲ್‌ನಲ್ಲಿ ಧೂಳು ಹಿಡಿಯೋ ಆಯಿಲ್ ಬದಲು ಗೊಜ್ಜು ಇತ್ತು.

ಸೋರೋ ಜಾಗ ಹುಡ್ಕೋಕೆ ದೊಡ್ಡ ಮೆಷಿನ್ ಏನೂ ಬೇಡ. ಇಂಜಿನ್ ಪಕ್ಕ ಚೆನ್ನಾಗಿ ತೊಳೆದು ಒಣಗಿಸಿ, ಪೈಪು, ನಟ್ಟು, ಫಿಲ್ಟರ್ ಸುತ್ತ ಮುಖಕ್ಕೆ ಹಾಕೋ ಪೌಡರ್ ಉದುರಿಸಿ, ಒಂದು ಲೋಡ್ ಹೊಡ್ಕೊಂಡು ಬಂದು ಬಾನೆಟ್ ಎತ್ತಿದ್ರೆ ಎಲ್ಲಿ ಒದ್ದೆ ಗೆರೆ ಎಳೆದಿದೆ ಅಂತ ಸ್ಪಷ್ಟವಾಗಿ ಕಾಣುತ್ತೆ. ರಾತ್ರಿ ನಿಲ್ಸುವಾಗ ಕೆಳಗೆ ಪೇಪರ್ ಹಾಸಿ (ಸಂಪಾದಕರು ಬೇಜಾರ್ ಮಾಡ್ಕೋಬಾರ್ದು, ನಿಮ್ಮ ಪತ್ರಿಕೇನೇ ಹಾಸೋದು, ಪುಟ ದೊಡ್ಡದು), ಡೀಸೆಲ್ ಆದ್ರೆ ತೆಳ್ಳಗೆ ಅಗಲಕ್ಕೆ ಹರಡುತ್ತೆ, ಇಂಜಿನ್ ಆಯಿಲ್ ಆದ್ರೆ ಕಪ್ಪಗೆ ಬಿದ್ದಲ್ಲೇ ಇರುತ್ತೆ. ಬ್ಯಾಂಜೋ ಬೋಲ್ಟಿನ (ಡೀಸೆಲ್ ಪೈಪ್ ಕೂರ್ಸೋ ತೂತಿರೋ ಬೋಲ್ಟು) ತಾಮ್ರದ ವಾಷರ್ ಮೊದಲು ನೋಡಿ, ಫಿಲ್ಟರ್ ಬದಲಾಯಿಸಿದಾಗೆಲ್ಲ ಹಳೇದನ್ನೇ ಹಾಕಿ ಬಿಗಿ ಮಾಡಿರ್ತಾರೆ, ಅದು ಒಂದ್ಸಲ ಕೂತ್ಮೇಲೆ ಗಟ್ಟಿ ಆಗುತ್ತೆ, ಇನ್ನೊಂದ್ಸಲ ಸರಿಯಾಗಿ ಕೂರಲ್ಲ. ಹಳೇ ಮೆಕ್ಯಾನಿಕ್‌ಗಳು ಕೆಂಪಗೆ ಕಾಯಿಸಿ ಮೆತ್ತಗೆ ಮಾಡ್ಕೊಂಡು ಹಾಕ್ತಿದ್ರು, ಈಗ ಹೊಸದೇ ಚಿಲ್ಲರೆ ದುಡ್ಡಿಗೆ ಸಿಗುತ್ತೆ, ಯಾಕೆ ತಲೆನೋವು. ಟ್ಯಾಂಕಿನಿಂದ ಡೀಸೆಲ್ ಎಳ್ಕೊಳೋ ಫೀಡ್ ಪಂಪಿನವರೆಗಿನ ಪೈಪ್ ಸ್ವಲ್ಪ ಮೋಸಗಾರ. ಇಂಜಿನ್ ಓಡ್ತಿದ್ದಾಗ ಅದು ಹೊರಗೆ ಸೋರಲ್ಲ, ಒಳಗೆ ಗಾಳಿ ಎಳ್ಕೊಳುತ್ತೆ, ಇಂಜಿನ್ ಏರಿಳಿತ ಆಗುತ್ತೆ, ನಿಲ್ಸಿದ್ಮೇಲೆ ನಿಧಾನಕ್ಕೆ ಜಿನುಗುತ್ತೆ. ಟ್ಯಾಂಕ್ ಮುಚ್ಚಳದ ವಾಷರ್ ಹೋಗಿದ್ರೆ ಹಂಪ್ ಹಂಪಿಗೂ ಚೆಲ್ಲುತ್ತೆ. ಇನ್ನೊಂದು, ಬೆಳಗ್ಗೆ ತಂಪಲ್ಲಿ ಟ್ಯಾಂಕ್ ಕುತ್ತಿಗೆವರೆಗೂ ತುಂಬ್ಸಿ ಆಮೇಲೆ ಫ್ಯಾಕ್ಟರಿ ಯಾರ್ಡ್‌ನಲ್ಲಿ ಬಿಸಿಲಿಗೆ ನಿಲ್ಸಿದ್ರೆ, 50 ಲೀಟರ್ ಡೀಸೆಲ್ 15 ಡಿಗ್ರಿ ಕಾದಾಗ ಅರ್ಧ ಲೀಟರ್‌ಗಿಂತ ಜಾಸ್ತಿನೇ ಹಿಗ್ಗುತ್ತೆ, ಅದು ಎಲ್ಲಿ ಹೋಗ್ಬೇಕು? ಮುಚ್ಚಳದ ತೂತಿಂದ ಹೊರಗೆ.

ಆದ್ರೆ ನಿಜವಾಗ್ಲೂ ಭಯ ಬೀಳ್ಬೇಕಾದ ವಾಸನೆ ಹೊರಗಿಂದಲ್ಲ, ಡಿಪ್‌ಸ್ಟಿಕ್‌ದು, ಅದೇ ಇಂಜಿನ್ ಆಯಿಲ್ ಅಳೆಯೋ ಕಡ್ಡೀದು. ಫೀಡ್ ಪಂಪಿನ ಡಯಾಫ್ರಂ (ಒಳಗಿರೋ ರಬ್ಬರ್ ಪರದೆ) ಹರಿದ್ರೆ ಅಥವಾ ಪಂಪಿನ ಸೀಲ್ ಸವೆದ್ರೆ ಡೀಸೆಲ್ ಹೊರಗೆ ಒಂದು ಹನಿ ಕಾಣಿಸದೆ ಸೀದಾ ಇಂಜಿನ್ ಆಯಿಲ್‌ಗೆ ಸೇರ್ಕೊಳುತ್ತೆ. ಆಯಿಲ್ ಲೆವೆಲ್ ಕಮ್ಮಿ ಆಗೋದು ಬಿಟ್ಟು ಏರ್ತಾ ಇದೆ ಅಂದ್ರೆ ನಮ್ಮ ಜನ ಖುಷಿ ಪಡ್ತಾರೆ, ನಮ್ ಗಾಡಿ ಆಯಿಲೇ ತಿನ್ನಲ್ಲ ಅಂತ! ಡಿಪ್‌ಸ್ಟಿಕ್ ತುದಿಯಿಂದ ಒಂದು ತೊಟ್ಟು ಪೇಪರ್ ಮೇಲೆ ಬಿಟ್ಟು ಸ್ವಲ್ಪ ಹೊತ್ತು ಬಿಡಿ, ಕಪ್ಪು ಚುಕ್ಕೆ ಸುತ್ತ ಮಾಸಲು ಉಂಗುರ ಅಗಲಕ್ಕೆ ಹರಡ್ತು ಅಂದ್ರೆ ಡೀಸೆಲ್ ಸೇರಿದೆ ಅಂತ ಅನುಮಾನ ಪಡಿ, ಮೂಗಿಗೂ ಗೊತ್ತಾಗುತ್ತೆ. ಇಂಥ ಟ್ರ್ಯಾಕ್ಟರನ್ನ ಇದೊಂದು ಲೋಡ್ ಹಾಕ್ಬಿಡೋಣ ಅಂತ ಓಡಿಸ್ಬೇಡಿ, ತೆಳ್ಳಗಾದ ಆಯಿಲ್ ಲೋಡಲ್ಲಿ ಬೇರಿಂಗ್ ಕಾಯಲ್ಲ, ಕ್ರ್ಯಾಂಕ್ ಹೋದ್ರೆ ಆ ಸೀಸನ್ ದುಡಿಮೆ ಪೂರ್ತಿ ಅದಕ್ಕೇ.

ಈಗ ಮೈಲೇಜ್ ವಿಷಯ. ಮೊದಲನೇದಾಗಿ ಟ್ರ್ಯಾಕ್ಟರ್‌ಗೆ ಕಿಲೋಮೀಟರ್ ಲೆಕ್ಕ ಹಿಡಿಯೋದೇ ತಪ್ಪು ದಾರಿ, ಬೈಕಲ್ಲ ಇದು. ಫ್ಯಾಕ್ಟರಿ ತೂಕದ ಚೀಟಿ ಕೈಲೇ ಇರುತ್ತಲ್ಲ, ಟ್ಯಾಂಕ್ ಸಮತಟ್ಟು ಜಾಗದಲ್ಲಿ ಒಂದು ಗುರುತಿನವರೆಗೆ ತುಂಬ್ಸಿ, ಅದೇ ಗದ್ದೆಯಿಂದ ಅದೇ ಫ್ಯಾಕ್ಟರಿಗೆ ಹೊಡೆದು, ಮತ್ತೆ ಅದೇ ಗುರುತಿಗೆ ತುಂಬ್ಸಿ, ಟನ್ನಿಗೆ ಎಷ್ಟು ಲೀಟರ್ ಬಂತು ನೋಡಿ. ದೊಡ್ಡ ಅಂದಾಜು ಬೇಕು ಅಂದ್ರೆ, ಡೀಸೆಲ್ ಇಂಜಿನ್ ಪೂರ್ತಿ ಲೋಡಲ್ಲಿ ಒಂದು ಎಚ್‌ಪಿಗೆ ಗಂಟೆಗೆ ಕಾಲು ಲೀಟರ್‌ಗಿಂತ ಸ್ವಲ್ಪ ಕಮ್ಮಿ ತಗೊಳುತ್ತೆ, ಅಂದ್ರೆ 45 ಎಚ್‌ಪಿದು ಏರಿಯಲ್ಲಿ ದಂ ಕಟ್ಟಿ ಎಳೀತಿದ್ರೆ ಗಂಟೆಗೆ 10 ಲೀಟರ್ ಲೆಕ್ಕದಲ್ಲಿ ಹೋಗೋದು ಕಾಯಿಲೆ ಅಲ್ಲ, ಅದರ ಊಟವೇ ಅಷ್ಟು. ಮಾರಾಟಗಾರ ಹೇಳಿದ ಮೈಲೇಜ್ ನೆನೆಸ್ಕೊಂಡು ಕೊರಗ್ಬೇಡಿ, ಮಧ್ಯಪ್ರದೇಶದ ಬುದ್ನಿಯಲ್ಲಿ ಕೇಂದ್ರ ಸರ್ಕಾರದ ಟ್ರ್ಯಾಕ್ಟರ್ ಪರೀಕ್ಷಾ ಸಂಸ್ಥೆ ಇದೆ, ಮಾಡೆಲ್‌ಗಳನ್ನ ಟೆಸ್ಟ್ ಮಾಡಿ ಎಷ್ಟು ಡೀಸೆಲ್ ಹೋಗುತ್ತೆ ಅಂತ ರಿಪೋರ್ಟ್ ಕೊಡುತ್ತೆ, ಕೊಳ್ಳೋಕೆ ಮುಂಚೆ ಅದನ್ನ ಕೇಳೋರು ನಮ್ಮಲ್ಲಿ ಎಷ್ಟು ಜನ?

ಇನ್ನೊಂದು ಯಾರೂ ಲೆಕ್ಕಕ್ಕೆ ಹಿಡಿಯದ್ದು ಅಂದ್ರೆ ಯಾರ್ಡಿನ ಕ್ಯೂ. ಸೆಲ್ಫ್ ವೀಕು, ಬ್ಯಾಟರಿ ವೀಕು, ಆಫ್ ಮಾಡಿದ್ರೆ ಮತ್ತೆ ಸ್ಟಾರ್ಟ್ ಆಗಲ್ಲ ಅಂತ ಕ್ಯೂನಲ್ಲಿ ಗಂಟೆಗಟ್ಲೆ ಇಂಜಿನ್ ಓಡ್ತಾನೇ ಇರುತ್ತೆ, ಸುಮ್ನೆ ನಿಂತ್ರೂ ಗಂಟೆಗೆ ಲೀಟರ್ ಹತ್ತತ್ರ ಹೋಗುತ್ತೆ, ರಾತ್ರಿಯೆಲ್ಲ ಹಂಗೇ ನಿಂತ್ರೆ ಬೆಳಗ್ಗೆ ಬಂಕಿನೋನ್ನ ಬೈಕೊಂಡು ಏನ್ ಪ್ರಯೋಜನ. ಬ್ಯಾಟರಿಗೆ ದುಡ್ಡಿಲ್ಲ ಅಂತಾರೆ, ಡೀಸೆಲ್‌ಗೆ ಇದೆ.

ಗಾಳಿ ವಿಷಯಕ್ಕೆ ಬಂದ್ರೆ, ಒಂದು ಲೀಟರ್ ಡೀಸೆಲ್ ಉರಿಯೋಕೆ ಕನಿಷ್ಠ 10 ಸಾವಿರ ಲೀಟರ್ ಗಾಳಿ ಬೇಕು. ಕಬ್ಬಿನ ಗದ್ದೆ ಧೂಳು, ರವದಿ, ಯಾರ್ಡಿನ ಬೂದಿ ಎಲ್ಲಾ ಏರ್ ಕ್ಲೀನರಲ್ಲಿ ತುಂಬ್ಕೊಂಡ್ರೆ ಗಾಳಿ ಸಾಲದೆ ಅರ್ಧಂಬರ್ಧ ಉರಿದ ಡೀಸೆಲ್ಲೇ ಆ ಕಪ್ಪು ಹೊಗೆ, ಅದು ನಿಮ್ಮ ದುಡ್ಡು ಸೈಲೆನ್ಸರಲ್ಲಿ ಹೋಗ್ತಿರೋದು. ಸೀಸನ್‌ನಲ್ಲಿ ದಿನಾ ಬಿಚ್ಚಿ ನೋಡ್ಬೇಕು. ಗೇರೂ ಅಷ್ಟೇ, ಏರಿಯಲ್ಲಿ ದೊಡ್ಡ ಗೇರ್‌ನಲ್ಲೇ ಇಂಜಿನ್ ಗುದ್ದಾಡ್ತಾ ಎಳೆಯೋಕೆ ಬಿಟ್ರೆ ಹೊಗೆ ಬಂದೇ ಬರುತ್ತೆ, ಒಂದು ಗೇರ್ ಇಳಿಸಿ.

ಟ್ರೈಲರ್‌ನಂತೂ ಯಾರೂ ಕೇಳೋರೇ ಇಲ್ಲ, ಅದೇನು ಇಂಜಿನ್ ಇರೋ ಗಾಡಿನಾ ಅನ್ನೋ ಹಂಗೆ ಬಿಟ್ಟಿರ್ತಾರೆ. ದಾರಿ ಮಧ್ಯೆ ನಿಲ್ಸಿ ಒಂದೊಂದು ಹಬ್ ಹತ್ರಾನೂ ಕೈ ಹಿಡಿದು ನೋಡಿ, ಮಿಕ್ಕಿದ್ದಕ್ಕಿಂತ ಯಾವುದು ಜಾಸ್ತಿ ಸುಡ್ತಿದೆಯೋ ಅಲ್ಲಿ ಬೇರಿಂಗ್ ಗ್ರೀಸ್ ಒಣಗಿರುತ್ತೆ ಅಥವಾ ಬ್ರೇಕ್ ಇರೋ ಟ್ರೈಲರ್ ಆದ್ರೆ ಹಿಡ್ಕೊಂಡಿರುತ್ತೆ. ಖಾಲಿ ಟ್ರೈಲರ್‌ಗೆ ಜಾಕ್ ಕೊಟ್ಟು ಚಕ್ರ ಕೈಯಲ್ಲಿ ತಿರುಗಿಸಿದ್ರೆ ಸಲೀಸಾಗಿ ತಿರುಗ್ಬೇಕು, ಗರಗರ ಅಂದ್ರೆ ಬಿಚ್ಚಿ. ಟೈರಲ್ಲಿ ಗಾಳಿ ಕಮ್ಮಿ ಇದ್ರೆ ಲೋಡ್ ತುಂಬಿದಾಗ ಪಕ್ಕೆ ಉಬ್ಬಿ ನೆಲಕ್ಕೆ ಅಂಟ್ಕೊಂಡು ಬರುತ್ತೆ, ಅದನ್ನ ಎಳೆಯೋದಕ್ಕೂ ಡೀಸೆಲ್ಲೇ ಬೇಕು. ಇದ್ಯಾವುದನ್ನೂ ಪಂಪಿನ ಅಂಗಡಿಯೋನು ಹೇಳಲ್ಲ, ಟ್ರೈಲರ್ ಅವನ ಅಂಗಡಿಗೆ ಬರೋದೇ ಇಲ್ಲ.

ವಾಸನೆ, ಮೈಲೇಜು ಎರಡೂ ಒಂದೇ ಕಾರಣದಿಂದ ಬರೋದೂ ಉಂಟು, ಇಲ್ಲ ಅನ್ನಲ್ಲ. ನೋಜಲ್ ಸರಿಯಾಗಿ ಮುಚ್ಕೊಳ್ದೆ ಸ್ಪ್ರೇ ಬದಲು ತೊಟ್ಟಿಕ್ಕಿದ್ರೆ ಹೊಗೆಯಲ್ಲೇ ಹಸಿ ಡೀಸೆಲ್ ವಾಸನೆ ಇರುತ್ತೆ, ಬೆಳಗ್ಗೆ ಸ್ಟಾರ್ಟ್ ಮಾಡಿದಾಗ ಬಿಳಿ ಹೊಗೆ ಬಂದು ಕಣ್ಣು ಉರಿಯುತ್ತೆ, ಆಗ ಪಂಪ್ ನೋಜಲ್ ಅಂಗಡಿಗೆ ಹೋಗ್ಲೇಬೇಕು, ಆದ್ರೆ ನಿಮ್ಮ ಕಣ್ಮುಂದೆನೇ ನೋಜಲ್ ಟೆಸ್ಟರ್‌ಗೆ ಹಾಕಿ ತೋರ್ಸು ಅಂತ ಕೇಳಿ, ಕೆಟ್ಟಿರೋದು ಒಂದೇ ಇರ್ಬೋದು. (ಪಂಪ್, ನೋಜಲ್ ಮಾಡೋ ಮೈಕೋ ಕಂಪನಿ 2008ರಲ್ಲೇ ಬಾಷ್ ಆದ್ರೂ ನಮ್ಮ ಕಡೆ ಇನ್ನೂ ಮೈಕೋ ಪಂಪ್ ಅಂತಲೇ ಬೋರ್ಡು, ಒರಿಜಿನಲ್ ಸ್ಪೇರ್ ಹಾಕಿದ್ನಾ ಅಂತ ಬಾಕ್ಸ್ ಕೇಳಿ ಇಸ್ಕೊಳ್ಳಿ.) ಇನ್ನೊಂದು, ಬಂಕಿಗಿಂತ ಕಮ್ಮಿ ರೇಟು ಅಂತ ಬ್ಯಾರೆಲ್‌ನಲ್ಲಿ ಬಯೋಡೀಸೆಲ್ ಹೆಸರಲ್ಲಿ ಮಾರೋ ಮಾಲು. ಬಯೋಡೀಸೆಲ್ ಅಸಲಿಯಾಗಿದ್ರೂ ಲೀಟರ್‌ಗೆ ಡೀಸೆಲ್‌ಗಿಂತ ಶೇ. 8ರಷ್ಟು ಶಾಖ ಕಮ್ಮಿ, ಜೊತೆಗೆ ಹಳೇ ರಬ್ಬರ್ ಪೈಪ್‌ಗಳನ್ನ ಉಬ್ಬಿಸಿ ಮೆತ್ತಗೆ ಮಾಡಿ ಸೋರೋ ಹಂಗೆ ಮಾಡುತ್ತೆ. ಅಗ್ಗ ಅಂತ ತಂದಿದ್ದು ಎರಡೂ ಕಡೆ ಕೀಳುತ್ತೆ. ಬ್ಯಾರೆಲ್‌ನೋನು ಏನೇನು ಬೆರೆಸಿರ್ತಾನೋ ಅದು ಬೇರೆ.

ಬಂಕಿನ ಮೇಲೆ ಅನುಮಾನ ಇದ್ರೆ ಪತ್ರಿಕೆಗೆ ಬರೆಯೋಕೆ ಮುಂಚೆ ಅಲ್ಲೇ ಕೇಳಿ. 5 ಲೀಟರ್‌ನ ಸೀಲ್ ಹಾಕಿರೋ ಅಳತೆ ಪಾತ್ರೆ ಬಂಕಲ್ಲಿ ಇರ್ಲೇಬೇಕು, ಹಾಕಿ ತೋರ್ಸಿ ಅಂದ್ರೆ ತೋರಿಸ್ಲೇಬೇಕು, 25 ಎಂಎಲ್‌ಗಿಂತ ಜಾಸ್ತಿ ವ್ಯತ್ಯಾಸ ಇರಂಗಿಲ್ಲ. ಹೈಡ್ರೋಮೀಟರ್ ಹಾಕಿ ಡೆನ್ಸಿಟಿ ನೋಡೋಕೂ ಕೇಳ್ಬೋದು, ಅವತ್ತಿನ ಡೆನ್ಸಿಟಿ ಬರೆದಿರ್ತಾರೆ, ಅದಕ್ಕೆ ಹೋಲಿಸಿ. ಕೇಳಿದ್ರೆ ಮುಖ ಸಿಂಡರಿಸ್ತಾರೆ, ಸಿಂಡರಿಸ್ಲಿ.

ಒಂದು ಎಚ್ಚರಿಕೆ. ಇಂಜೆಕ್ಟರ್ ಹೈ ಪ್ರೆಷರ್ ಪೈಪು ಸೋರ್ತಿದ್ರೆ ಬೆರಳಿಟ್ಟು ಹುಡುಕ್ಬೇಡಿ, ಆ ಪ್ರೆಷರ್‌ಗೆ ಡೀಸೆಲ್ ಚರ್ಮದೊಳಗೇ ಹೋಗುತ್ತೆ, ಹೋದ್ರೆ ಗಾಯ ಚಿಕ್ಕದು ಅಂತ ಅರಿಶಿನ ಹಚ್ಕೊಂಡು ಕೂರದೆ ಸೀದಾ ಆಸ್ಪತ್ರೆಗೆ ಓಡಿ. 50 ಎಚ್‌ಪಿ ಮೇಲಿನ ಟ್ರ್ಯಾಕ್ಟರ್‌ಗಳಿಗೆ 2023ರ ಜನವರಿಯಿಂದ ಹೊಸ ಹೊಗೆ ನಿಯಮ ಬಂದ್ಮೇಲೆ ಸಿಆರ್‌ಡಿಐ (ಎಲ್ಲಾ ಇಂಜೆಕ್ಟರ್‌ಗೂ ಒಂದೇ ಹೈ ಪ್ರೆಷರ್ ಪೈಪಿಂದ ಡೀಸೆಲ್ ಹೋಗೋ) ಇಂಜಿನ್ ಬರ್ತಿದೆ, ಅದರಲ್ಲಿ ಪ್ರೆಷರ್ ಸಾವಿರ ಬಾರ್ ದಾಟುತ್ತೆ, ಹಳೇ ಗಾಡೀಲಿ ಮಾಡ್ದಂಗೆ ಓಡ್ತಿರೋ ಇಂಜಿನ್‌ನಲ್ಲಿ ನಟ್ ಸಡಿಲ ಮಾಡಿ ಯಾವ ಸಿಲಿಂಡರ್ ಮಿಸ್ ಅಂತ ನೋಡೋದು ಅದರಲ್ಲಿ ಆಗಲ್ಲ, ಕಂಪನಿಯೋರೇ ಬರ್ಲಿ. ಸೋರಿಕೆ ಸಣ್ಣದು ಅಂತ ಬಿಟ್ರೆ, ಕಾದ ಮ್ಯಾನಿಫೋಲ್ಡ್ (ಇಂಜಿನ್ ಹೊಗೆ ಹೊರಗೆ ಒಯ್ಯೋ ಪೈಪು) ಮೇಲೆ ಡೀಸೆಲ್ಲು, ಹಿಂದೆ ಒಣ ರವದಿ ತುಂಬಿದ ಟ್ರೈಲರ್, ಬೇರೆ ಹೇಳ್ಬೇಕಿಲ್ಲ.

ಇಷ್ಟೆಲ್ಲ ಬರೆದಿದ್ದಕ್ಕೆ ಒಂದು ಬೇಡಿಕೆ ಇದೆ. ಕಬ್ಬು ನುರಿಯೋಕೆ ಶುರು ಮಾಡೋ ಮುಂಚೆ ಸಕ್ಕರೆ ಕಾರ್ಖಾನೆಗಳು ಲಾರಿ, ಟ್ರ್ಯಾಕ್ಟರ್ ಮಾಲೀಕರ ಹತ್ರ ಅಗ್ರಿಮೆಂಟ್ ಮಾಡ್ಕೊಳ್ತಾರಲ್ಲ, ಆ ದಿನಾನೇ ಯಾರ್ಡಲ್ಲಿ ಒಂದು ನೋಜಲ್ ಟೆಸ್ಟರು, ಒಂದು ಗಾಳಿ ಕಂಪ್ರೆಸರು, ಇಬ್ರು ಗೊತ್ತಿರೋ ಮೆಕ್ಯಾನಿಕ್‌ನ ಕೂರ್ಸಿ, ಟ್ರೈಲರ್ ಸಮೇತ ಚೆಕ್ ಮಾಡ್ಸಿ ಕಳಿಸ್ಲಿ. ರಿಫ್ಲೆಕ್ಟರ್ ಸ್ಟಿಕ್ಕರ್ ಅಂಟ್ಸೋಕೆ ಅಂತ ಹೆಂಗೂ ಸಾಲಾಗಿ ನಿಲ್ಲಿಸ್ತಾರೆ, ಅದೇ ಸಾಲಲ್ಲೇ ಆಗುತ್ತೆ. ಕೃಷಿ ಇಲಾಖೆಯೋರು ಬುದ್ನಿ ರಿಪೋರ್ಟಿನ ಡೀಸೆಲ್ ಅಂಕಿಗಳನ್ನ ಕನ್ನಡದಲ್ಲಿ ಒಂದು ಹಾಳೆ ಮಾಡಿ ರೈತ ಸಂಪರ್ಕ ಕೇಂದ್ರದ ಗೋಡೆಗೆ ಹಚ್ಲಿ. ನೀವೂ ಕೃಷಿ ಪುಟದಲ್ಲಿ ಹೊಸ ಟ್ರ್ಯಾಕ್ಟರ್ ಜಾಹೀರಾತಿನ ಪಕ್ಕ ಹಳೇ ಟ್ರ್ಯಾಕ್ಟರ್ ರಿಪೇರಿಗೂ ಅರ್ಧ ಕಾಲಂ ಜಾಗ ಕೊಡಿ, ಬರೆಯೋಕೆ ಮೆಕ್ಯಾನಿಕ್‌ಗಳನ್ನ ಬೇಕಾದ್ರೆ ನಾನೇ ಹುಡುಕಿ ಕೊಡ್ತೀನಿ.

ಇಂತಿ,
ಒಬ್ಬ ಕಬ್ಬು ಬೆಳೆಗಾರ,
ಮದ್ದೂರು ತಾಲೂಕು, ಮಂಡ್ಯ ಜಿಲ್ಲೆ