ಕುಣಿಗಲ್ ಕುದುರೆ ಫಾರಂ: ಪಶುಸಂಗೋಪನಾ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಸಚಿವರಿಗೆ ನಮಸ್ಕಾರಗಳು.

ನಾನು ಕುಣಿಗಲ್ ಸೀಮೆಯವನು. ನಮ್ಮ ತಾತ ಇಲ್ಲಿನ ಸ್ಟಡ್ ಫಾರಂನಲ್ಲಿ ಕುದುರೆ ನೋಡಿಕೊಳ್ಳುತ್ತಿದ್ದರು. ಬೆಳಗ್ಗೆ ಲಾಯಕ್ಕೆ ಹೋದವರೇ ಒಂದೊಂದೇ ಕಾಲೆತ್ತಿ, ಗೊರಸಿಗೆ ಮೆತ್ತಿದ ಮಣ್ಣನ್ನು ಕೊಕ್ಕೆಯಿಂದ ಕೆರೆದು, ಮೂಸಿ ನೋಡುತ್ತಿದ್ದರು. ಕೊಳೆತ ವಾಸನೆ ಬಂತೋ, ಹಾಸಿದ ಹುಲ್ಲನ್ನೆಲ್ಲ ತೆಗೆಸಿ ನೆಲ ಒಣಗುವವರೆಗೂ ಅವರು ಊಟಕ್ಕೆ ಕೂರುತ್ತಿರಲಿಲ್ಲ. ಆ ಕೆಲಸ ಅವರಿಗೆ ಹೇಳಿಕೊಟ್ಟದ್ದು ಪುಸ್ತಕವಲ್ಲ, ಅವರಿಗಿಂತ ಮೊದಲು ಅದೇ ಲಾಯದಲ್ಲಿ ದುಡಿದವರು.

ಟಿಪ್ಪು ಸುಲ್ತಾನ್ ತನ್ನ ಅಶ್ವದಳಕ್ಕಾಗಿ ಶುರು ಮಾಡಿದ ಜಾಗ ಇದು ಎನ್ನುತ್ತಾರೆ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಬ್ರಿಟಿಷರು ಬಂದರು, ಆಮೇಲೆ ಮೈಸೂರು ಸಂಸ್ಥಾನ, ಕೊನೆಗೆ ತಮ್ಮ ಇಲಾಖೆ. 1992ರಲ್ಲಿ 30 ವರ್ಷದ ಗುತ್ತಿಗೆಗೆ ಹೋಯಿತು. ಯುದ್ಧದ ಕುದುರೆ ಹೋಗಿ ರೇಸಿನ ಕುದುರೆ ಬಂತು. ಯಜಮಾನರು ಎಷ್ಟು ಬದಲಾದರೂ ಈ ನೆಲದಲ್ಲಿ ಮರಿ ಹುಟ್ಟುವುದು ನಿಲ್ಲಲಿಲ್ಲ.

ಈಗ ಈ 400ಕ್ಕೂ ಹೆಚ್ಚು ಎಕರೆಯಲ್ಲಿ ಟೌನ್‌ಶಿಪ್ ಮಾಡುವ ಮಾತು ಎದ್ದಿದೆ. ಹಳೇ ಕಟ್ಟಡ ಒಂದೆರಡನ್ನು ಉಳಿಸಿಕೊಂಡರೆ ಸಾಕಲ್ಲವೇ ಎಂದು ಕೆಲವರು ಕೇಳುತ್ತಾರೆ. ಸಾಲದು. ಹುಲ್ಲುಗಾವಲಿಲ್ಲದ ಲಾಯ ಬರೀ ಗೋಡೆ.

ಚೆಕ್ ದೇಶದ ಕ್ಲಾಡ್ರುಬಿಯನ್ನು ನೋಡಿ. ಚಕ್ರವರ್ತಿ ಎರಡನೇ ರುಡಾಲ್ಫ್ 1579ರಲ್ಲಿ ಆಸ್ಥಾನದ ಅಶ್ವಶಾಲೆ ಎಂದು ಘೋಷಿಸಿದ ಜಾಗ ಅದು. ಸಾರೋಟು ಎಳೆಯುವ ಅದೇ ತಳಿಯನ್ನು ಇವತ್ತಿಗೂ ಅಲ್ಲೇ ಸಾಕುತ್ತಾರೆ. 2019ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದ್ದು ಅಲ್ಲಿನ ಬಂಗಲೆಯೊಂದೇ ಅಲ್ಲ. ಲಾಯ, ಹುಲ್ಲುಗಾವಲು, ಸಾಲುಮರದ ದಾರಿ ಎಲ್ಲವೂ ಒಟ್ಟಿಗೆ. 1757ರ ಬೆಂಕಿಯಲ್ಲಿ ಅಲ್ಲಿನ ವಂಶಾವಳಿಯ ದಾಖಲೆಗಳು ಸುಟ್ಟುಹೋದವು. ಹಾಗಾಗಿ ಅದಕ್ಕಿಂತ ಹಿಂದಿನ ಕುದುರೆಗಳ ಲೆಕ್ಕ ಅವರ ಕೈಲಿಲ್ಲ. ನಮ್ಮ ಹಳೇ ರಿಜಿಸ್ಟರುಗಳಿಗೆ ಆ ಗತಿ ಬರುವುದು ಬೇಡ. ಬೆಂಕಿಯೇ ಬೇಕಿಲ್ಲ, ಕಚೇರಿ ಖಾಲಿ ಮಾಡುವ ಗಡಿಬಿಡಿ ಸಾಕು.

ಆದ್ದರಿಂದ ಕೇಳಿಕೊಳ್ಳುವುದಿಷ್ಟು. ಒಂದು ಗುಂಟೆಯ ಬಗ್ಗೆಯೂ ತೀರ್ಮಾನ ಮಾಡುವ ಮೊದಲು ಪುರಾತತ್ವ ಇಲಾಖೆಯಿಂದ ಲಾಯ, ಬಾವಿ, ಮರಗಳ ಪಟ್ಟಿ ಮಾಡಿಸಿ. ರಿಜಿಸ್ಟರುಗಳನ್ನು ರಾಜ್ಯ ಪತ್ರಾಗಾರಕ್ಕೆ ಒಪ್ಪಿಸಿ. ಭೂಮಿಯನ್ನು ತಳಿ ಸಾಕಣೆಗೇ ಮೀಸಲಿಡಿ, ಅದನ್ನು ಯಾರೇ ನಡೆಸಲಿ. ಮತ್ತು ತಾವೇ ಒಂದು ಬೆಳಗ್ಗೆ ಬನ್ನಿ, ಆರು ಗಂಟೆಯೊಳಗೆ. ತಾತನ ಜೊತೆ ದುಡಿದವರೊಬ್ಬರು ಇನ್ನೂ ನಮ್ಮ ಬೀದಿಯಲ್ಲಿದ್ದಾರೆ. ಅವರನ್ನು ಕರೆತರುವ ಜವಾಬ್ದಾರಿ ನನ್ನದು.

ಇಂತಿ ತಮ್ಮ ವಿಶ್ವಾಸಿ,
ಕುಣಿಗಲ್ ತಾಲ್ಲೂಕಿನ ನಿವಾಸಿ