ಶೀಟು ಹಾಕಿಸುವ ಮೊದಲು ಪೈಪಿನ ಲೆಕ್ಕ ಕೇಳಿ

ಸಂಪಾದಕರೇ,

ಮಳೆಗಾಲದಲ್ಲಿ ನಿಮ್ಮ ಪತ್ರಿಕೆ ಬಿಡಿಸಿದರೆ ದಿನಾ ಒಂದು ಅಂಕಿ ಇರುತ್ತದೆ. ನಿನ್ನೆ ಮಂಗಳೂರಿನಲ್ಲಿ ಇಷ್ಟು ಮಿ.ಮೀ., ಮೂಡುಬಿದಿರೆಯಲ್ಲಿ ಇಷ್ಟು, ಸುಳ್ಯದಲ್ಲಿ ಇಷ್ಟು ಎಂದು. ಅದು 24 ಗಂಟೆಯ ಲೆಕ್ಕ. ಶಾಲೆಗೆ ರಜೆ ಕೊಡಬೇಕೋ ಬೇಡವೋ ಎಂದು ನೋಡಲು ಅಷ್ಟು ಸಾಕು. ಆದರೆ ಮನೆಯ ಮಾಡಿನಿಂದ ನೀರು ಇಳಿಸುವ ಪೈಪಿಗೆ ಆ ಅಂಕಿಯಿಂದ ಏನೂ ಉಪಯೋಗವಿಲ್ಲ. ನೂರು ಮಿಲಿಮೀಟರ್ ಮಳೆ ದಿನವಿಡೀ ಜಿಟಿಜಿಟಿ ಸುರಿದರೆ ಮಾಡಿನ ಅಂಚಿನಲ್ಲಿ ನೀರು ಹಿಡಿಯುವ ಗಟರು ಯಾರದೂ ಉಕ್ಕುವುದಿಲ್ಲ, ಅದೇ ನೂರು ಒಂದೇ ಗಂಟೆಯಲ್ಲಿ ಬಿದ್ದರೆ, ಗಂಟೆ ಯಾಕೆ, ಆ ರಭಸದಲ್ಲಿ ಹತ್ತು ನಿಮಿಷ ಹೊಡೆದರೂ ಸಾಕು, ಜಗಲಿಯಲ್ಲಿ ನಿಲ್ಲಲು ಆಗುವುದಿಲ್ಲ. ಆಟಿ ತಿಂಗಳ, ಅಂದರೆ ಜುಲೈ-ಆಗಸ್ಟ್‌ನ ಮಳೆ ಹೇಗಿರುತ್ತದೆ ಎಂದು ನಮ್ಮೂರಿನವರಿಗೆ ಹೇಳಿಕೊಡಬೇಕಾ?

ಇದನ್ನು ಈಗ ಬರೆಯಲು ಕಾರಣ ಊರಿಡೀ ನಡೆಯುತ್ತಿರುವ ಶೀಟಿನ ಕೆಲಸ. ಟೆರೇಸು ಸೋರುತ್ತದೆ, ಬಟ್ಟೆ ಒಣಗಿಸಲು ಜಾಗ ಇಲ್ಲ ಎಂದು ಎಲ್ಲರೂ ಮೇಲೆ ತಗಡಿನ ಮಾಡು ಮಾಡಿಸುತ್ತಿದ್ದಾರೆ. ಒಳ್ಳೆಯದೇ. ಶೀಟಿನ ದಪ್ಪ ಎಷ್ಟು, ಬಣ್ಣ ಯಾವುದು, ಕಂಬಕ್ಕೆ ಎಷ್ಟು ಇಂಚಿನ ಪೈಪು, ಚದರಡಿಗೆ ಎಷ್ಟು ರೇಟು ಎಂದು ವಾರಗಟ್ಟಲೆ ಚರ್ಚೆ ಆಗುತ್ತದೆ. ನೀರು ಎಲ್ಲಿ ಇಳಿಯುತ್ತದೆ ಎಂದು ಕೇಳಿದರೆ ಮಾತ್ರ ‘ಒಂದು ಪೈಪ್ ಸಾಕು ಸರ್, ಎಲ್ಲ ಕಡೆ ಅಷ್ಟೇ ಹಾಕುವುದು’ ಎಂಬ ಉತ್ತರ. ನಮ್ಮ ಅಪಾರ್ಟ್‌ಮೆಂಟಿಗೆ ಶೀಟು ಹಾಕಿದವರೂ ಅದನ್ನೇ ಹೇಳಿದರು.

ಲೆಕ್ಕ ಕಷ್ಟದ್ದೇನಲ್ಲ. ಒಂದು ಚದರ ಮೀಟರ್ ಜಾಗದ ಮೇಲೆ ಒಂದು ಮಿ.ಮೀ. ಮಳೆ ಬಿದ್ದರೆ ಒಂದು ಲೀಟರ್ ನೀರು. ಸಾವಿರ ಚದರಡಿ ಎಂದರೆ ಸುಮಾರು 93 ಚದರ ಮೀಟರ್. ಗಂಟೆಗೆ 100 ಮಿ.ಮೀ. ರಭಸದ ಮಳೆ ಎಂದರೆ ಅಂಥ ಮಾಡಿನಿಂದ ಗಂಟೆಗೆ 9,300 ಲೀಟರ್, ನಿಮಿಷಕ್ಕೆ ಸುಮಾರು 155 ಲೀಟರ್. ಸಾವಿರ ಲೀಟರಿನ ಟ್ಯಾಂಕ್ ಆರೂವರೆ ನಿಮಿಷದಲ್ಲಿ ತುಂಬುವಷ್ಟು ನೀರು. ಇದನ್ನು ಒಂದು ಪೈಪಿನಲ್ಲಿ ಇಳಿಸುತ್ತೇನೆ ಎಂದರೆ ಇಳಿಯಬೇಕಲ್ವಾ?

ನಮ್ಮ ದೇಶದ ಕಟ್ಟಡ ನಿಯಮಗಳಲ್ಲಿ ಇದಕ್ಕೊಂದು ಪಟ್ಟಿ ಇದೆ. ಗಂಟೆಗೆ 100 ಮಿ.ಮೀ. ಮಳೆಗೆ 100 ಮಿ.ಮೀ. ಪೈಪ್, ಅಂದರೆ ನಾಲ್ಕಿಂಚಿನದು, 42.7 ಚದರ ಮೀಟರ್ ಮಾಡಿನ ನೀರು ಇಳಿಸುತ್ತದೆ. 75 ಮಿ.ಮೀ. ಪೈಪ್ 20.4 ಚದರ ಮೀಟರ್. 50 ಮಿ.ಮೀ. ಪೈಪ್ ಬರೀ 6.6. ಎರಡಿಂಚಿನ ಪೈಪ್ ಎರಡು ಹಾಕಿದರೆ ನಾಲ್ಕಿಂಚಿನ ಒಂದಕ್ಕೆ ಸಮ ಎಂದುಕೊಂಡವರು ಈ ಅಂಕಿಗಳನ್ನು ಇನ್ನೊಮ್ಮೆ ನೋಡಬೇಕು, ಆರು ಹಾಕಿದರೂ ಸಮ ಆಗುವುದಿಲ್ಲ. ಸಾವಿರ ಚದರಡಿಯ ಮಾಡಿಗೆ ನಾಲ್ಕಿಂಚಿನ ಪೈಪ್ ಮೂರು ಬೇಕು. 75 ಮಿ.ಮೀ. ಹಾಕುವುದಾದರೆ ಐದು. ಈ ಚದರ ಮೀಟರ್ ಲೆಕ್ಕ ಮಾಡಿನ ಇಳಿಜಾರಿನ ಅಳತೆಯಲ್ಲ, ಅದರ ಕೆಳಗಿನ ನೆಲದ ಅಳತೆ. ಪಕ್ಕದಲ್ಲಿ ಎತ್ತರದ ಗೋಡೆ ಇದ್ದರೆ ಗಾಳಿಗೆ ಅದಕ್ಕೆ ಬಡಿದ ಮಳೆಯೂ ಇಳಿದು ಇದೇ ಗಟರಿಗೆ ಬರುತ್ತದೆ, ಹಾಗಾಗಿ ಸ್ವಲ್ಪ ಜಾಸ್ತಿಯೇ ಹಿಡಿಯಬೇಕು.

ಪೈಪ್ ದೊಡ್ಡದು ಹಾಕಿದರೂ ಮುಗಿಯಲಿಲ್ಲ. ಏಣಿ ಹತ್ತಿ ಗಟರಿನ ಒಳಗೆ ಒಮ್ಮೆ ನೋಡಿ. ಕೆಳಗೆ ನಾಲ್ಕಿಂಚಿನ ಪೈಪ್ ನಿಂತಿರುತ್ತದೆ, ಮೇಲೆ ಗಟರಿನ ತಳದಲ್ಲಿ ಕೊರೆದ ತೂತು ಎರಡೂವರೆ ಇಂಚು. ಅಂಚು ಓರೆಕೋರೆ, ಅದರ ಸುತ್ತ ಬಳಿದ ಸಿಲಿಕಾನ್ ಅರ್ಧ ಇಂಚು ಮೇಲೆದ್ದು ನೀರಿಗೇ ಅಡ್ಡ ನಿಂತಿರುತ್ತದೆ. ಅದರ ಮೇಲೆ ಎರಡು ಹಲಸಿನ ಎಲೆ ಬಿದ್ದರೆ ಆಯಿತು, ಬಾಯಿ ಬಂದ್. ನೀರು ಇಳಿಯುವುದು ತೂತಿನ ಅಳತೆಗೆ, ಪೈಪಿನ ಅಳತೆಗಲ್ಲ. ಎಲೆ ತಡೆಯಲು ಚಪ್ಪಟೆ ಜಾಲರಿ ಇಟ್ಟರೆ ಎಲೆ ಅದರ ಮೇಲೇ ಮಲಗುತ್ತದೆ. ಗುಮ್ಮಟದ ಹಾಗೆ ಎದ್ದಿರುವ ಜಾಲರಿ ಸಿಗುತ್ತದೆ, ಅದನ್ನು ಕೇಳಿ ಹಾಕಿಸಬೇಕು.

ಇನ್ನೊಂದು, ಪೈಪನ್ನು ಯಾವಾಗಲೂ ಮೂಲೆಯಲ್ಲೇ ಹಾಕುತ್ತಾರೆ, ಕಾಣಲು ಚಂದ ಎಂದು. ನಲವತ್ತು ಅಡಿ ಗಟರಿನ ನೀರೆಲ್ಲ ಆ ಒಂದು ತುದಿಗೆ ಓಡಬೇಕು. ನಡುವೆ ಹಾಕಿದರೆ ಎರಡೂ ಕಡೆಯಿಂದ ಅರ್ಧರ್ಧ ಬರುತ್ತದೆ, ಅದೇ ಗಟರು ಸಾಕಾಗುತ್ತದೆ. ಹತ್ತು ಅಡಿಗೆ ಅರ್ಧ ಇಂಚಾದರೂ ಇಳಿಜಾರು ಇರಲಿ. ಗಟರಿನ ಹೊರಗಿನ ಅಂಚು ಗೋಡೆ ಕಡೆಯ ಅಂಚಿಗಿಂತ ತಗ್ಗಿರಲಿ, ಉಕ್ಕಿದರೂ ಅಂಗಳಕ್ಕೆ ಉಕ್ಕಲಿ, ಗೋಡೆಗೆ ಬೇಡ. ಹಿಂದಿನವರು ಹಂಚಿನ ಮಾಡಿಗೆ ಅಡಿಕೆ ಮರದ ದಂಬೆ, ಅಂದರೆ ಮರ ಸೀಳಿ ಮಾಡಿದ ನೀರಿನ ದೋಣಿ, ಕಟ್ಟುತ್ತಿದ್ದದ್ದು ಬಾಗಿಲ ಎದುರು, ಬೇಕಾದ ಕಡೆ ಮಾತ್ರ. ಉಳಿದ ಕಡೆ ಸೂರಿನ ನೀರು ಉದ್ದಕ್ಕೂ ಅಂಗಳಕ್ಕೆ ಬೀಳುತ್ತಿತ್ತು. ಈಗ ಅಂಗಳವೇ ಇಲ್ಲ. ಕಂಪೌಂಡಿಗೂ ಗೋಡೆಗೂ ಮೂರಡಿ, ಅದಕ್ಕೂ ಇಂಟರ್‌ಲಾಕ್ ಇಟ್ಟಿಗೆ ಹಾಸು.

ಇಳಿದ ನೀರು ಎಲ್ಲಿಗೆ ಹೋಗುತ್ತದೆ ಎಂಬುದು ಇನ್ನೂ ದೊಡ್ಡ ಕತೆ. ಕೆಲವರು ಪೈಪನ್ನು ಸೀದಾ ಒಳಚರಂಡಿಯ ಚೇಂಬರಿಗೆ ಇಳಿಸುತ್ತಾರೆ. ಯಾರೂ ನೋಡುವುದಿಲ್ಲ, ಸುಲಭ. ಆಮೇಲೆ ಜೋರು ಮಳೆಗೆ ರಸ್ತೆ ನಡುವಿನ ಮ್ಯಾನ್‌ಹೋಲ್ ಮುಚ್ಚಳ ಎದ್ದು ಕೊಳಕೆಲ್ಲ ಹರಿದಾಗ ಬೈಯುವವರೂ ಇವರೇ. ಒಳಚರಂಡಿ ಪೈಪನ್ನು ಮಾಡು ನೀರಿನ ಲೆಕ್ಕ ಹಿಡಿದು ಹಾಕಿರುವುದಿಲ್ಲ. ಇನ್ನು ಕೆಲವರದು ಪಕ್ಕದ ಮನೆಯವರ ಕಂಪೌಂಡಿನ ಮೇಲೆ, ಅದನ್ನು ಬರೆದರೆ ಸುಮ್ನೆ ಜಗಳ. 2018ರ ಮೇ 29ರಂದು ಮಂಗಳೂರು ಮುಳುಗಿದ್ದು ಎಲ್ಲರಿಗೂ ನೆನಪಿದೆ. ಕೊಟ್ಟಾರ ಚೌಕಿಯಲ್ಲಿ ನೀರು ನಿಂತಾಗ ರಾಜಕಾಲುವೆ, ಹೂಳು, ಒತ್ತುವರಿ ಎಂದು ಮಾತಾಡುತ್ತೇವೆ. ಅದೆಲ್ಲ ಸರಿಯೇ. ಆದರೆ ಆ ರಾಜಕಾಲುವೆಗೆ ಹೋಗುವ ನೀರಿನಲ್ಲಿ ನಮ್ಮ ಮಾಡಿನ ನೀರೂ ಇದೆ. ಬಾವಿ ಇರುವವರು ಸೋಸಿ ಬಾವಿ ಹತ್ತಿರದ ಇಂಗುಗುಂಡಿಗೆ ಬಿಡಬಹುದು, ಏಪ್ರಿಲ್‌ನಲ್ಲಿ ಊರಿಗೆ ಕುಡಿಯುವ ನೀರು ಕೊಡುವ ತುಂಬೆ ಡ್ಯಾಂನಲ್ಲಿ ನೀರು ಎಷ್ಟಿದೆ ಎಂದು ದಿನಾ ವಿಚಾರಿಸುವ ಕೆಲಸ ಸ್ವಲ್ಪ ಕಡಿಮೆ ಆದೀತು.

ಪಾಲಿಕೆಯವರಲ್ಲಿ ಒಂದೇ ಕೇಳಿಕೆ. ಪ್ಲ್ಯಾನ್ ಪಾಸು ಮಾಡುವಾಗ ಮಳೆನೀರಿನ ಪೈಪ್ ಎಷ್ಟು, ಎಷ್ಟು ಇಂಚಿನದು, ಎಲ್ಲಿಗೆ ಇಳಿಯುತ್ತದೆ ಎಂದು ನಕ್ಷೆಯಲ್ಲಿ ಕೇಳಿ, ಆಮೇಲೆ ಹಾಕಿಸುವ ಶೀಟಿಗೂ ಇದನ್ನೇ ಕೇಳಿ. ಶೀಟಿನ ಕೆಲಸದವರು ಕೊಟೇಶನ್‌ನಲ್ಲಿ ಅದಕ್ಕೊಂದು ಸಾಲು ಬರೆಯಲಿ, ಬರೆಯದಿದ್ದರೆ ಮನೆಯವರು ಬರೆಸಿಕೊಳ್ಳಲಿ. ನೀವು ಏಪ್ರಿಲ್ ಕೊನೆಗೆ, ಶೀಟಿನವರು ಬಿಡುವಿಲ್ಲದೆ ಓಡಾಡುವ ಹೊತ್ತಿಗೆ, ಮೇಲಿನ ಪಟ್ಟಿಯನ್ನು ಚದರಡಿಯ ಲೆಕ್ಕದಲ್ಲಿ ಸಣ್ಣ ಚೌಕದೊಳಗೆ ಹಾಕಿದರೆ ಕತ್ತರಿಸಿ ಇಟ್ಟುಕೊಳ್ಳುವವರು ಖಂಡಿತ ಇದ್ದಾರೆ.

– ಓದುಗ, ಬಿಜೈ, ಮಂಗಳೂರು